ಎಂಜಿನ್ನಿಗೂ ತೂಬಿದೆ, ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ದೋಣಿಯ ಹೊಟ್ಟೆಯೊಳಗೇ ಕೂರಿಸುವ ಎಂಜಿನ್ನಿಗೆ ಇನ್‌ಬೋರ್ಡ್ ಎನ್ನುತ್ತಾರೆ. ಅದರ ಜೊತೆ ಬರುವ ಕಂಪನಿ ಪುಸ್ತಕದಲ್ಲಿ ಡ್ರೈನ್ ಪ್ಲಗ್‌ಗಳ (ಒಳಗಿನ ನೀರು ಬಸಿದುಹೋಗಲು ಬಿಚ್ಚುವ ಬಿರಡೆಗಳ) ಮಾತು ಬರುವುದು ಹೆಚ್ಚಾಗಿ ಚಳಿಗಾಲಕ್ಕೆ ಎಂಜಿನ್ ಮುಚ್ಚಿಡುವ ಅಧ್ಯಾಯದಲ್ಲಿ. ಆ ಪುಸ್ತಕ ಬರೆದವರ ಸೀಮೆಯಲ್ಲಿ ಕೆರೆ ಹೆಪ್ಪುಗಟ್ಟುತ್ತದೆ. ನೀರು ಗಡ್ಡೆಯಾಗುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ, ಎಂಜಿನ್ನಿನ ಮೈಯಾದ ಬ್ಲಾಕಿನೊಳಗೆ ನಿಂತ ನೀರು ಹಿಗ್ಗಿದರೆ ಅದರ ಬೀಡು, ಅಂದರೆ ಎರಕದ ಕಬ್ಬಿಣ, ಸೀಳಿಹೋಗುತ್ತದೆ. ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯದಲ್ಲಾಗಲಿ ಸೂಳೆಕೆರೆಯಲ್ಲಾಗಲಿ (ಶಾಂತಿಸಾಗರ) ಆ ಭಯವಿಲ್ಲ. ಅದಕ್ಕೇ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಎಂಜಿನ್ ದೋಣಿ ನೋಡಿಕೊಳ್ಳುವವರು ಆ ಪುಟಗಳನ್ನು ಹಾಗೇ ಮಗುಚಿಬಿಡುತ್ತಾರೆ. ಪ್ಲಗ್‌ಗಳು ಕಾರ್ಖಾನೆಯಲ್ಲಿ ಬಳಿದ ಬಣ್ಣದ ಕೆಳಗೆ ವರ್ಷಗಟ್ಟಲೆ ಕೂತಿರುತ್ತವೆ. ನಮ್ಮಲ್ಲಿ ಪ್ಲಗ್ ಬಿಚ್ಚಬೇಕಾದದ್ದು ಹಿಮಕ್ಕಲ್ಲ, ಹೂಳಿಗೆ. ಅದನ್ನು ಹೇಳಲೆಂದೇ ಈ ಪತ್ರ.

ಸೂಳೆಕೆರೆಗೆ ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬುಗಳಿವೆ. ತೂಬಿನ ಬಾಯಿಗೆ ಹೂಳು ಕೂತರೆ ಏನಾಗುತ್ತದೆಂದು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಂಜಿನ್ನಿನ ಕಥೆಯೂ ಅದೇ. ಕೆರೆಯ ನೀರನ್ನೇ ಎಳೆದುಕೊಂಡು ತಂಪಾಗುವ ಎಂಜಿನ್ನಿನಲ್ಲಿ ಪಂಪು ನೀರಿನ ಜೊತೆ ಮಣ್ಣನ್ನೂ ಎಳೆಯುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಬರುವಾಗಲಂತೂ ಹೇಳುವುದೇ ಬೇಡ. ಜರಡಿ ಡಬ್ಬಿಯಲ್ಲಿ ಎಲೆ, ಪಾಚಿ, ಪ್ಲಾಸ್ಟಿಕ್ ನಿಲ್ಲುತ್ತವೆ, ಜೇಡಿ ನಿಲ್ಲುವುದಿಲ್ಲ. ಸಿಲಿಂಡರ್ ಸುತ್ತಲಿನ ನೀರಿನ ಕೋಣೆಯಲ್ಲಿ ಹರಿವು ನಿಧಾನವಾದ ಕಡೆ, ಅಂದರೆ ತೀರಾ ಕೆಳಗೆ, ಅದು ಕೂರುತ್ತದೆ. ಬೀಡಿನಿಂದ ಉದುರಿದ ತುಕ್ಕಿನ ಹೊಪ್ಪಳೆ ಅದಕ್ಕೆ ಸೇರುತ್ತದೆ. ಎರಡೂ ಕೂಡಿ ಒಣಗಿದರೆ ಗಾರೆಯ ಹಾಗೆ ಗಟ್ಟಿ.

ಇದು ಮೀಟರಿನಲ್ಲಿ ಕಾಣುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಬಿಸಿ ತೋರಿಸುವ ಸೆನ್ಸರ್ ಇರುವುದು ಮೇಲ್ಭಾಗದಲ್ಲಿ, ಥರ್ಮೋಸ್ಟಾಟ್ ಹತ್ತಿರ. ಅಲ್ಲಿಗೆ ಬರುವ ನೀರು ಸರಿಯಾಗೇ ಇರುತ್ತದೆ. ಕೆಳಗೆ ಹೂಳಿನಲ್ಲಿ ಹೂತ ಸಿಲಿಂಡರ್ ಗೋಡೆ ಮಾತ್ರ ಬೇಯುತ್ತಿರುತ್ತದೆ. ಮುಳ್ಳು ಮೇಲೇರುವ ಹೊತ್ತಿಗೆ ಪಿಸ್ಟನ್ ರಿಂಗು ಹಿಡಿದಿರುತ್ತದೆ, ಇಲ್ಲವೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಮಾರಿಕಣಿವೆ 2022ರಲ್ಲಿ 89 ವರ್ಷಗಳ ನಂತರ ಕೋಡಿ ಬಿದ್ದಾಗ ಎಲ್ಲರ ಕಣ್ಣೂ ನೀರಿನ ಮಟ್ಟದ ಮೇಲಿತ್ತು. ದೋಣಿ ನಡೆಸುವವರು ನೋಡಬೇಕಾದದ್ದು ಮಟ್ಟದ ಜೊತೆಗೆ ನೀರಿನ ಬಣ್ಣವನ್ನೂ. ಹೊಸ ನೀರು ಬಂದು ತಿಳಿಯಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ಎಳೆದು ನಿಲ್ಲಿಸುವಾಗ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಕಡಿಮೆಯೆಂದರೆ ಎರಡು ಸಲ ಎಲ್ಲ ಪ್ಲಗ್ ಬಿಚ್ಚಲೇಬೇಕು.

ಎಲ್ಲ ಎಂದರೆ ಎಷ್ಟು? ಮೊದಲು ಅದನ್ನು ಎಣಿಸಿ ಗೋಡೆಯ ಮೇಲೆ ಬರೆದಿಡಿ. ಎಂಟು ಸಿಲಿಂಡರಿನ ವಿ ಆಕಾರದ ಪೆಟ್ರೋಲ್ ಎಂಜಿನ್ ಆದರೆ ಬ್ಲಾಕಿನ ಎಡಕ್ಕೊಂದು ಬಲಕ್ಕೊಂದು, ಆಯಿಲ್ ಸಂಪಿನ (ಕೆಳಗಿನ ಎಣ್ಣೆ ತೊಟ್ಟಿಯ) ಅಂಚಿನಿಂದ ಸ್ವಲ್ಪ ಮೇಲೆ ಇರುತ್ತವೆ. ಹೊಗೆ ಹೊರಬಿಡುವ ಎರಡು ಎಗ್ಜಾಸ್ಟ್ ಮ್ಯಾನಿಫೋಲ್ಡ್‌ಗಳ ಕೆಳತುದಿಯಲ್ಲಿ ಒಂದೊಂದು. ಸಾಲು ಸಿಲಿಂಡರಿನ ಡೀಸೆಲ್ ಆದರೆ ಬ್ಲಾಕಿಗೆ ಸಾಮಾನ್ಯವಾಗಿ ಒಂದೇ, ಮ್ಯಾನಿಫೋಲ್ಡಿಗೆ ಒಂದು. ಇವಲ್ಲದೆ ಗೇರ್ ಆಯಿಲ್ ತಣಿಸುವ ಕೂಲರಿಗೆ, ಕೆರೆನೀರಿನಿಂದ ಕೂಲಂಟ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಇದ್ದರೆ ಅದಕ್ಕೆ, ಕೆಲವು ಪಂಪುಗಳಿಗೆ ಬೇರೆ ಪ್ಲಗ್ ಇರುತ್ತವೆ. ಪ್ಲಗ್ ಇಲ್ಲದ ಕಡೆ ಎಲ್ಲಕ್ಕಿಂತ ಕೆಳಗಿರುವ ಹೋಸ್ ಪೈಪನ್ನೇ ಕ್ಲಿಪ್ ಸಡಿಲಿಸಿ ಎಳೆಯಬೇಕು. ಬ್ಲಾಕಿಗೆ ರೇಡಿಯೇಟರ್ ಕೂಲಂಟ್ ಹಾಕಿ ಮುಚ್ಚಿದ ಎಂಜಿನ್ ಆದರೆ ಬ್ಲಾಕಿನ ಪ್ಲಗ್ ಮುಟ್ಟುವ ಅಗತ್ಯ ಕಡಿಮೆ. ಎಕ್ಸ್‌ಚೇಂಜರಿನ ಕೆರೆನೀರಿನ ಭಾಗವನ್ನು ಮಾತ್ರ ಬಿಚ್ಚಿದರೆ ಸಾಕು. ಕೂಲಂಟ್ ಇಳಿಸಲೇಬೇಕಾಗಿ ಬಂದರೆ ನೆಲಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾದ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ.

ಬಿಚ್ಚುವ ಮುಂಚೆ ಎಂಜಿನ್ ಆರಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿರಬೇಕು. ದೋಣಿ ನೀರಿನಲ್ಲೇ ಇದ್ದರೆ ಮೊಟ್ಟಮೊದಲು ತಳದ ಸೀಕಾಕ್, ಅಂದರೆ ನೀರು ಒಳಗೆ ಬರುವ ವಾಲ್ವ್, ಮುಚ್ಚಿ. ಇದನ್ನು ಮರೆತು ಕೂಲರಿನ ಪ್ಲಗ್ ಬಿಚ್ಚಿದರೆ ಕೆರೆಯ ನೀರು ತನ್ನಷ್ಟಕ್ಕೆ ದೋಣಿಯೊಳಗೆ ಇಳಿಯತೊಡಗುತ್ತದೆ. ಮೊದಲು ಎಂಜಿನ್ನಿನ ನೀರೇ ಬರುತ್ತಿದೆ ಅನ್ನಿಸುತ್ತದೆ, ಊಟ ಮಾಡಿ ಬರುವಷ್ಟರಲ್ಲಿ ಸ್ಟಾರ್ಟರ್ ಮೋಟಾರ್ ಮುಳುಗಿರುತ್ತದೆ.

ಪ್ಲಗ್ ಬಿಚ್ಚಿದಾಗ ಕೆಳಗೆ ಗುರುತು ಹಾಕಿದ ಬಕೆಟ್ ಇಟ್ಟು ಎಷ್ಟು ನೀರು ಬಂತೆಂದು ಅಳೆಯಿರಿ. ವಿ ಎಂಜಿನ್ನಿನಲ್ಲಿ ಎಡಬಲ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಅಳತೆ ಬರಬೇಕು. ಒಂದು ಕಡೆ ಬಕೆಟ್ ತುಂಬಿ ಇನ್ನೊಂದು ಕಡೆ ಲೋಟದಷ್ಟೇ ಬಂದರೆ ಅದು ಖಾಲಿಯಾಗಿಲ್ಲ, ಕಟ್ಟಿಕೊಂಡಿದೆ. ಎಷ್ಟೋ ಸಲ ಪ್ಲಗ್ ತೆಗೆದರೂ ಒಂದು ಹನಿಯೂ ಬರುವುದಿಲ್ಲ. 'ನೀರಿಲ್ಲ, ಒಣಗಿದೆ' ಎಂದು ಪ್ಲಗ್ ವಾಪಸು ಹಾಕುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಹಳೆ ಸೈಕಲ್ ಕಡ್ಡಿ ಇದಕ್ಕೆ ಒಳ್ಳೆಯ ಹತ್ಯಾರ: ಸುಮಾರು 2 ಮಿಲಿಮೀಟರ್ ದಪ್ಪ, ಬಗ್ಗುತ್ತದೆ, ಮುರಿಯುವುದಿಲ್ಲ. ತುದಿಯನ್ನು ಸ್ವಲ್ಪ ಕೊಕ್ಕೆ ಮಾಡಿ ತೂತಿನೊಳಗೆ ತಳ್ಳಿ ಕೆರೆದು ಎಳೆಯಿರಿ. ಮೊದಲು ಕಪ್ಪು ಕೆಸರು, ಆಮೇಲೆ ಕಾಫಿ ಬಣ್ಣದ ನೀರು, ಕೊನೆಗೆ ರಭಸದ ಧಾರೆ. ಧಾರೆ ನಿಂತ ಮೇಲೂ ಮತ್ತೊಮ್ಮೆ ಚುಚ್ಚಿ, ಹೊಪ್ಪಳೆ ಅಡ್ಡ ಬಂದಿರುವುದುಂಟು. ಬಳಿಕ ಮೇಲಿನ ಹೋಸ್ ಕಡೆಯಿಂದ ಶುದ್ಧ ನೀರು ಬಿಟ್ಟು, ಕೆಳಗಿನ ತೂತಿನಿಂದ ತಿಳಿಯಾಗಿ ಬರುವ ತನಕ ತೊಳೆಯಿರಿ. ತೊಳೆಯಲು ಬೋರ್‌ವೆಲ್ ನೀರು ಬೇಡ ಎಂಬುದು ನಮ್ಮ ಅಭಿಪ್ರಾಯ. ಈ ಬಯಲುಸೀಮೆಯ ಗಡಸು ನೀರು ಪಾತ್ರೆಗೆ ಬಿಳಿ ಪೊರೆ ಕಟ್ಟುವ ಹಾಗೆ ಬಿಸಿ ಬೀಡಿಗೂ ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿದ ಕೆರೆನೀರೇ ವಾಸಿ.

ಇನ್ನು ಜಾಮ್ ಆದ ಪ್ಲಗ್. ವರ್ಷಗಟ್ಟಲೆ ಮುಟ್ಟದ ಪ್ಲಗ್ ಮೊದಲ ಎಳೆತಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಪ್ಲಗ್ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹತ್ತಾರು ಸಲ ತಟ್ಟಿ. ಜೋರಾಗಿ ಹೊಡೆಯುವುದಲ್ಲ, ಅದುರಿಸುವುದು. ಅಳತೆಗೆ ಸರಿಯಾದ ಬಾಕ್ಸ್ ಪಾನ (ಸ್ಪ್ಯಾನರ್) ಹಾಕಿ. ಚೌಕ ತಲೆಗೆ ಎಂಟು ಮೂಲೆಯ ಬಾಕ್ಸ್, ಆರು ಮೂಲೆಗೆ ಆರರದ್ದು. ಸ್ಕ್ರೂ ಪಾನದಿಂದ ಹಿತ್ತಾಳೆಯ ಮೂಲೆ ಉರುಟಾಯಿತೆಂದರೆ ಮುಗಿಯಿತು. ಮೊದಲು ಕೂದಲಿನಷ್ಟು ಬಿಗಿ ದಿಕ್ಕಿಗೆ ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಟಕ್ ಎಂದು ಬಿಟ್ಟುಕೊಂಡ ಸದ್ದು ಕೈಗೇ ತಿಳಿಯುತ್ತದೆ. ಬೆಂಕಿ ತೋರಿಸಿ ಬಿಚ್ಚುವುದು ಗ್ಯಾರೇಜಿನಲ್ಲಿ ಸರಿ, ದೋಣಿಯಲ್ಲಿ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತೇ ಇರುತ್ತದೆ. ಪೆಟ್ರೋಲ್ ಇನ್‌ಬೋರ್ಡಿನಲ್ಲಿ ಎಂಜಿನ್ ಚಾಲೂ ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಬೇಕೆಂಬ ನಿಯಮವೂ ಅದಕ್ಕೇ.

ತಲೆ ಮುರಿದೇಹೋದರೆ ಗಾಬರಿ ಬೇಡ. ಹಿತ್ತಾಳೆ ಮೆತ್ತನೆಯ ಲೋಹ. ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಶುರುಮಾಡಿ ಒಂದೊಂದೇ ಸೈಜು ಏರಿಸುತ್ತ, ಗೋಡೆ ತೆಳ್ಳಗಾದ ಮೇಲೆ ಸಣ್ಣ ಚಾಣದಿಂದ ಒಳಕ್ಕೆ ಮಡಿಚಿದರೆ ಸಿಪ್ಪೆಯ ಹಾಗೆ ಬರುತ್ತದೆ. ಥ್ರೆಡ್, ಅಂದರೆ ತಿರುಪಿನ ಹಲ್ಲು, ಉಜ್ಜಲು ಅದೇ ಅಳತೆಯ ಟೇಪರ್ ಟ್ಯಾಪ್ (ತುದಿಗೆ ಸಣ್ಣದಾಗುತ್ತ ಹೋಗುವ, ಹಲ್ಲು ಕೊರೆಯುವ ಹತ್ಯಾರ) ಬೇಕು. ಅದನ್ನು ಅರ್ಧ ಸುತ್ತು ಇಳಿಸಿದಾಗಲೆಲ್ಲ ತೆಗೆದು ಪ್ಲಗ್ ಕೂರಿಸಿ ನೋಡಿ. ಟೇಪರ್ ಟ್ಯಾಪ್ ಇಳಿದಷ್ಟೂ ತೂತು ಅಗಲವಾಗುತ್ತ ಹೋಗುತ್ತದೆ, ಜಾಸ್ತಿಯಾದರೆ ಪ್ಲಗ್ ಬಿಗಿಯಾಗದೆ ಒಳಕ್ಕೇ ಹೋಗುತ್ತದೆ. ಆಗ ಮುಂದಿನ ಅಳತೆಗೆ ಹೋಗುವುದೊಂದೇ ದಾರಿ.

ಹೊಸ ಪ್ಲಗ್ ತರುವ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಎಂಜಿನ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ದಾವಣಗೆರೆ, ಚಿತ್ರದುರ್ಗದ ಹಾರ್ಡ್‌ವೇರ್ ಅಂಗಡಿಗಳಲ್ಲಿ 'ಡಮ್ಮಿ' ಎಂದು ಕೇಳಿದರೆ ಕೊಡುವ ಹಿತ್ತಾಳೆ ಪ್ಲಗ್ ಬಿಎಸ್‌ಪಿ ಥ್ರೆಡ್ಡಿನದು, ಅಂದರೆ ಬ್ರಿಟಿಷ್ ಪೈಪ್ ಅಳತೆ. ಅಮೆರಿಕದ ಎಂಜಿನ್ನಿನ ಬ್ಲಾಕಿನಲ್ಲಿರುವುದು ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಅಳತೆ. ಹೆಸರು ಎರಡಕ್ಕೂ ಕಾಲಿಂಚು. ನಿಜದ ಅಳತೆ ಬೇರೆ: ಕಾಲಿಂಚಿನ ಎನ್‌ಪಿಟಿಯ ಹೊರ ಅಗಲ 13.7 ಮಿಲಿಮೀಟರ್, ಇಂಚಿಗೆ 18 ಥ್ರೆಡ್, ಹಲ್ಲಿನ ಕೋನ 60 ಡಿಗ್ರಿ. ಕಾಲಿಂಚಿನ ಬಿಎಸ್‌ಪಿ 13.2 ಮಿಲಿಮೀಟರ್, ಇಂಚಿಗೆ 19 ಥ್ರೆಡ್, 55 ಡಿಗ್ರಿ. ಮೂರೆಂಟಾಂಶ ಇಂಚಿನಲ್ಲೂ ಇದೇ 18 ಮತ್ತು 19ರ ಜಗಳ. ಅರ್ಧ ಇಂಚು ಉದ್ದ ಒಳಗೆ ಹೋಗುವಷ್ಟರಲ್ಲಿ ಅರ್ಧ ಥ್ರೆಡ್ ತಪ್ಪಿರುತ್ತದೆ. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಕೂತಿತು ಎಂದುಕೊಂಡು ಪಾನ ಹಾಕಿ ಒತ್ತಿದರೆ ಪ್ಲಗ್ಗಿನ ಹಲ್ಲು ಕಿತ್ತು ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಪ್ಲಗ್ ಆದರೆ ಬ್ಲಾಕಿನ ಹಲ್ಲೇ ಹೋಗುತ್ತದೆ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನವು ಇನ್ನೂ ಮೋಸ. ಎರಡರಲ್ಲೂ ಇಂಚಿಗೆ 14 ಥ್ರೆಡ್ಡೇ ಇರುವುದರಿಂದ ಪೂರ್ತಿ ಒಳಗೆ ಹೋಗುತ್ತವೆ, ಕೋನ ಮಾತ್ರ ಬೇರೆ, ಹಲ್ಲಿನ ಸಂದಿಯಲ್ಲೇ ಸುತ್ತಿಕೊಂಡು ನೀರು ಜಿನುಗುತ್ತದೆ.

ಥ್ರೆಡ್ ಗೇಜ್ ಇಟ್ಟು ನೋಡುವುದು ಸರಿಯಾದ ದಾರಿ. ಗೇಜ್ ಇಲ್ಲದಿದ್ದರೆ ಹಳೆ ಪ್ಲಗ್ ಮತ್ತು ಹೊಸ ಪ್ಲಗ್ಗಿನ ಹಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಬೇರೆ ಜಾತಿ. ಎನ್‌ಪಿಟಿ ಪ್ಲಗ್ ಸಿಗದಿದ್ದರೆ ಲೇಥ್ ಕೆಲಸ ಬಲ್ಲವರು ಹರಿಹರದಲ್ಲಿ ಇದ್ದೇ ಇದ್ದಾರೆ. ಅವರಿಗೆ 'ಇದರಂಥದ್ದೇ ಒಂದು' ಎಂದು ಹಳೆಯದನ್ನು ಕೊಟ್ಟು ಬರಬೇಡಿ. ಸವೆದದ್ದರ ಅಳತೆ ಸವೆದದ್ದೇ ಬರುತ್ತದೆ. ಕಾಲಿಂಚು, ಮೂರೆಂಟಾಂಶ ಇಂಚಿನದಾದರೆ ಇಂಚಿಗೆ 18 ಥ್ರೆಡ್, 60 ಡಿಗ್ರಿ, ವ್ಯಾಸದಲ್ಲಿ 16ಕ್ಕೆ 1 ಟೇಪರ್ ಎಂದು ಬರೆದುಕೊಡಿ. ಟೇಪರಿನ ಕೋನ ಒಂದು ಪಕ್ಕಕ್ಕೆ 1 ಡಿಗ್ರಿ 47 ಮಿನಿಟ್. ಮಾಡಿದ ಪ್ಲಗ್ ಒಣ ಕೈಯಲ್ಲಿ ಸುಮಾರು 4 ಸುತ್ತು ಹೋಗಿ ನಿಂತರೆ ಸರಿಯಾಗಿದೆ.

ಯಾವ ಲೋಹ? ಹಿತ್ತಾಳೆ. ಉಕ್ಕಿನ ಪ್ಲಗ್ ತುಕ್ಕು ಹಿಡಿದು ಬೀಡಿನ ಜೊತೆ ಒಂದೇ ಲೋಹವಾಗಿಬಿಡುತ್ತದೆ. ಸ್ಟೇನ್‌ಲೆಸ್ ನೋಡಲು ಚೆಂದ, ಆದರೆ ಒದ್ದೆಯಲ್ಲಿ ಸುತ್ತಲಿನ ಬೀಡನ್ನು ತಿನ್ನಿಸುತ್ತದೆ, ಮತ್ತೆ ಗಟ್ಟಿ ಬೇರೆ. ಹಿತ್ತಾಳೆಯ ಹಲ್ಲು ಮೆತ್ತಗೆ. ಎಡವಟ್ಟಾದರೆ ಹಾಳಾಗುವುದು ಪ್ಲಗ್, ಬ್ಲಾಕ್ ಉಳಿಯುತ್ತದೆ. ಹಳದಿಯಾಗಿದ್ದ ಮಾತ್ರಕ್ಕೆ ಹಿತ್ತಾಳೆಯೆಂದು ನಂಬಬೇಡಿ, ಹಳದಿ ಲೇಪನದ ಉಕ್ಕಿನ ಪ್ಲಗ್ಗೂ ಅಂಗಡಿಯಲ್ಲಿವೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ, ಅಂಟಿದರೆ ಬೇಡ. ಬಳಸಿದ ಹಿತ್ತಾಳೆ ಪ್ಲಗ್ ಮತ್ತೆ ಹಾಕುವ ಮುನ್ನ ಹಲ್ಲಿನ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಹಳದಿ ಹೊಳೆದರೆ ಒಳ್ಳೆಯದು. ತಾಮ್ರದ ಹಾಗೆ ಗುಲಾಬಿ ಬಣ್ಣ ಕಂಡರೆ ಅದರೊಳಗಿನ ಸತು ನೀರಿಗೆ ಹೋಗಿ ಬರೀ ಜಾಳು ತಾಮ್ರ ಉಳಿದಿದೆ ಎಂದರ್ಥ, ಬಿಗಿ ಮಾಡುವಾಗಲೇ ಮುರಿಯುತ್ತದೆ. ಕರಾವಳಿಯ ಉಪ್ಪುನೀರಿನಲ್ಲಿ ದುಡಿದು ಬಂದ ಹಳೆ ದೋಣಿ ಕೊಂಡವರು ಇದನ್ನು ಮೊದಲ ದಿನವೇ ನೋಡಬೇಕು. ಹಾಗೆಯೇ ಎಕ್ಸ್‌ಚೇಂಜರಿನ ಒಂದು ಪ್ಲಗ್ಗಿಗೆ ಪೆನ್ಸಿಲಿನಂಥ ಸತುವಿನ ಕಡ್ಡಿ ಇದ್ದರೆ ಅದು ಸಮುದ್ರಕ್ಕೆ ಮಾಡಿದ್ದು. ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಇಲ್ಲಿಗೆ ಮೆಗ್ನೀಷಿಯಂ ಕಡ್ಡಿ ಬೇಕು, ಅರ್ಧ ಸವೆದಾಗ ಬದಲಿಸಬೇಕು.

ಕೂರಿಸುವಾಗ ಬ್ಲಾಕಿನ ಹಲ್ಲನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ. ಟೇಪರ್ ಪ್ಲಗ್ಗಿಗೆ ವಾಷರ್ ಇಲ್ಲ, ಹಲ್ಲೇ ಹಲ್ಲನ್ನು ಅದುಮಿ ನೀರು ಹಿಡಿಯುತ್ತದೆ. ಟೆಫ್ಲಾನ್ ಟೇಪ್ ಸುತ್ತುವುದಾದರೆ ಪ್ಲಗ್ಗಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ಎರಡು ಮೂರು ಸುತ್ತು, ತುದಿಯ ಮೊದಲ ಹಲ್ಲು ಬರಿದಾಗಿರಲಿ. ಇಲ್ಲವಾದರೆ ಟೇಪಿನ ಎಳೆ ಹರಿದು ಕೂಲರಿನ ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪೈಪಿಗೆಂದೇ ಬರುವ ಟೆಫ್ಲಾನ್ ಪೇಸ್ಟ್ ಇನ್ನೂ ಒಳ್ಳೆಯದು. ಆದರೆ ಬಿಸಿ ಸೆನ್ಸರಿಗೆ ಟೇಪ್ ಬೇಡ. ಅದಕ್ಕೆ ಅರ್ತ್ ಸಿಗುವುದು ಹಲ್ಲಿನ ಮೂಲಕವೇ, ಟೇಪ್ ಅಡ್ಡ ಬಂದರೆ ಮುಳ್ಳು ಸುಳ್ಳು ಹೇಳುತ್ತದೆ. ಎಂ-ಸೀಲ್ ಮೆತ್ತುವುದು, ಸೆಣಬಿನ ದಾರ ಸುತ್ತಿ ಬಣ್ಣ ಬಳಿಯುವುದು ಮನೆಯ ನಲ್ಲಿಗೆ ನಡೆದೀತು. ಮತ್ತೆ ಬಿಚ್ಚಬೇಕಾದ ಪ್ಲಗ್ಗಿಗೆ ಅಂಥದ್ದೆಲ್ಲ ಮಾಡಿದರೆ ಮುಂದಿನ ವರ್ಷ ಡ್ರಿಲ್ ಹಿಡಿಯಬೇಕಾಗುತ್ತದೆ. ಕೈಬಿಗಿಯಾದ ಮೇಲೆ ಪಾನದಿಂದ ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು. ಟೇಪರ್ ಎಂದರೆ ಬೆಣೆ. ಸೌದೆ ಸೀಳಲು ಬೆಣೆ ಹೊಡೆಯುವ ಹಾಗೆಯೇ ಇದೂ ಬೀಡನ್ನು ಸೀಳಬಲ್ಲದು. ಪಾನಕ್ಕೆ ಪೈಪ್ ಸಿಕ್ಕಿಸಿ ನೇತಾಡುವುದನ್ನು ದಯವಿಟ್ಟು ಬಿಡಿ.

ಆಯಿಲ್ ಸಂಪಿನ ಪ್ಲಗ್ ಬೇರೆ ಬಗೆ. ಅದರ ಹಲ್ಲು ನೇರ, ಕೆಳಗೆ ತಾಮ್ರದ ವಾಷರ್. ಪ್ರತಿ ಸಲ ಹೊಸ ವಾಷರ್ ಹಾಕಿ. ಇಲ್ಲದಿದ್ದರೆ ಹಳೆಯದನ್ನು ದಡದಲ್ಲಿ ಸ್ಟೌ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಇನ್‌ಬೋರ್ಡಿನಲ್ಲಿ ಸಂಪಿನ ಕೆಳಗೆ ತಟ್ಟೆ ತೂರಿಸಲೂ ಜಾಗವಿರುವುದಿಲ್ಲ. ಎಂಜಿನ್ ಬೆಚ್ಚಗಿರುವಾಗ ಡಿಪ್‌ಸ್ಟಿಕ್ ಕೊಳವೆಯಿಂದ ಕೈಪಂಪಿನಲ್ಲಿ ಎಳೆಯುವುದೇ ಸರಿ.

ಎಲ್ಲ ಹಾಕಿದ ಮೇಲೆ ಪ್ರತಿ ಪ್ಲಗ್ಗಿನ ಕೆಳಗೆ ನಿಮ್ಮ ಪತ್ರಿಕೆಯದೇ ಒಂದೊಂದು ಹಳೆ ಹಾಳೆ ಹಾಸಿ. ಸೀಕಾಕ್ ತೆರೆದು, ನೀರು ಇರುವಾಗಲೇ ಎಂಜಿನ್ ಚಾಲೂ ಮಾಡಿ. ಒಣಗಿದ್ದಾಗ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ನಿಮಿಷದೊಳಗೇ ಸುಟ್ಟು ಎಸಳು ಉದುರುತ್ತವೆ. ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ ಹಾಳೆ ನೋಡಿ. ಹನಿ ಬಿದ್ದ ಕಡೆ ಎಂಜಿನ್ ಆರಿಸಿ ಕಾಲು ಸುತ್ತು ಬಿಗಿ ಮಾಡಿ. ಅದಕ್ಕೂ ನಿಲ್ಲದಿದ್ದರೆ ಬಿಚ್ಚಿ ಹೊಸದಾಗಿ ಕೂರಿಸಿ.

ದೋಣಿಯ ಹಿಂಬದಿಯ ತಳದಲ್ಲೂ ಒಂದು ಪ್ಲಗ್ ಇದೆ, ಒಳಗೆ ನಿಂತ ನೀರು ಬಿಡಲು. ಅದನ್ನು ಹಾಕದೆ ನೀರಿಗೆ ಇಳಿಸಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಆ ನೀರಿನಲ್ಲಿ ಎಣ್ಣೆ, ಡೀಸೆಲ್ ತೇಲುತ್ತಿದ್ದರೆ ಪ್ಲಗ್ ಎಳೆದು ಕೆರೆಗೆ ಬಿಡಬಾರದು. ಹಳೆ ಬಟ್ಟೆಯಿಂದ ಎಣ್ಣೆ ಹೀರಿಸಿ ತೆಗೆದು ಆಮೇಲೆ ದಡದ ಮೇಲೆ, ನೀರಿನಿಂದ ದೂರದಲ್ಲಿ ಬಿಡಿ. ಚಿತ್ರದುರ್ಗದ ನಲ್ಲಿಗೆ ಬರುವುದು ಮಾರಿಕಣಿವೆ, ಸೂಳೆಕೆರೆಗಳ ನೀರೇ. ತೆಪ್ಪ ಹಾಕಿ ಮೀನು ಹಿಡಿಯುವವರಿಂದ ಈ ಗಲೀಜಿಲ್ಲ, ಎಂಜಿನ್ ಇಳಿಸಿದವರದ್ದೇ ಜವಾಬ್ದಾರಿ.

ಜಲಾಶಯ, ಕೆರೆಗಳಲ್ಲಿ ದೋಣಿ ನಡೆಸಲು ಟೆಂಡರ್ ಕರೆಯುವ ಇಲಾಖೆಗಳಿಗೆ ಒಂದು ಕೋರಿಕೆ. ಲೈಫ್ ಜಾಕೆಟ್ ಎಷ್ಟಿರಬೇಕೆಂದು ಷರತ್ತಿನಲ್ಲಿ ಬರೆಯುವ ಕಡೆಯೇ ಇನ್ನೂ ಮೂರು ಸಾಲು ಸೇರಿಸಿ: ಪ್ರತಿ ದೋಣಿಯ ಡ್ರೈನ್ ಪ್ಲಗ್‌ಗಳ ಸಂಖ್ಯೆ, ಜಾಗ ತೋರಿಸುವ ನಕ್ಷೆ ದೋಣಿಯಲ್ಲೇ ಅಂಟಿಸಿರಬೇಕು, ವರ್ಷಕ್ಕೆ ಎರಡು ಸಲ ಬಿಚ್ಚಿದ ದಿನಾಂಕ, ಬಂದ ನೀರಿನ ಅಳತೆ ವಹಿಯಲ್ಲಿರಬೇಕು, ಪ್ರತಿ ಅಳತೆಯ ಎರಡೆರಡು ಹಿತ್ತಾಳೆ ಪ್ಲಗ್ ದೋಣಿಯಲ್ಲಿ ಹೆಚ್ಚುವರಿಯಾಗಿ ಇರಬೇಕು. ನಾಲ್ಕನೆಯದಕ್ಕೆ ಟೆಂಡರ್ ಬೇಕಿಲ್ಲ. ಪ್ಲಗ್ ಬಿಚ್ಚಿದ ಕೂಡಲೇ 'ಪ್ಲಗ್ ಹಾಕಿಲ್ಲ' ಎಂದು ಬರೆದ ರಟ್ಟನ್ನು ದಾರದಲ್ಲಿ ಎಂಜಿನ್ ಕೀಲಿಗೆ ಕಟ್ಟಿ, ಬಿಚ್ಚಿದ ಪ್ಲಗ್‌ಗಳನ್ನೂ ಅದೇ ದಾರದ ಚೀಲದಲ್ಲಿ ಹಾಕಿ. ಚೀಲ ಖಾಲಿಯಾಗುವ ತನಕ ಕೀಲಿ ಯಾರ ಕೈಗೂ ಕೊಡಬೇಡಿ.

ಇಂತಿ,
ದೋಣಿ ಎಂಜಿನ್ ರಿಪೇರಿ ಕೆಲಸದವರು, ಹಿರಿಯೂರು